ಆಯಿಲ್ ಬದಲಿಸದೆ ಎಂಜಿನ್ ಹೋಯಿತು: ಪೂರ್ತಿ ಕೆಲಸ ಮಾಡಿಸಬೇಕೋ, ಹಳೇ ಎಂಜಿನ್ ತಂದು ಕೂರಿಸಬೇಕೋ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ. 2013ರ ಸ್ವಿಫ್ಟ್ ಡಿಜೈರ್ ಡೀಸೆಲ್, ಕೆಎ-07 ನಂಬರಿನ ಗಾಡಿ, 1,68,000 ಕಿ.ಮೀ. ಓಡಿದೆ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಗೊಂಡ ಹೊಸದರಲ್ಲಿ ಒಮ್ಮೆ ಆಯಿಲ್ ಬದಲಿಸಿದ್ದೆವು. ಆಮೇಲೆ ಕಡಿಮೆಯಾದಾಗ ಅರ್ಧ ಲೀಟರ್, ಒಂದು ಲೀಟರ್ ಸುರಿದುಕೊಂಡೇ 34,000 ಕಿ.ಮೀ. ಓಡಿಸಿದ್ದೇವೆ. ರೇಡಿಯೇಟರಿಗೆ ಮನೆಯ ಬೋರ್ ನೀರು. ಹೋದ ತಿಂಗಳು ತಿರುಪತಿಯಿಂದ ಬರುವಾಗ ಮೊಗಿಲಿ ಘಾಟ್ ಹತ್ತಿದ ಮೇಲೆ, ಗಾಡಿ ನಿಲ್ಲಿಸಿದಾಗಲೆಲ್ಲ ಆಯಿಲ್ ದೀಪ ಮಿಣುಕುತ್ತಿತ್ತು. ನಂಗಲಿ ಹತ್ತಿರ ಕಟಕಟ ಶಬ್ದ ಶುರುವಾಯಿತು. ಮುಳಬಾಗಿಲು ಮುಟ್ಟಿದರೆ ಸಾಕೆಂದು ಓಡಿಸಿದೆ. ಊರು ಸಮೀಪಿಸುವಾಗ ಬಾನೆಟ್‌ನಿಂದ ಹಬೆ ಬಂದು ಎಂಜಿನ್ ನಿಂತಿತು. ಈಗ ಸೆಲ್ಫ್ ಹೊಡೆದರೆ ‘ಟಕ್’ ಅಂತ ಒಂದೇ ಸದ್ದು. ಕೋಲಾರದ ಮೆಕ್ಯಾನಿಕ್ ಎಂಜಿನ್ ಪೂರ್ತಿ ಕೆಲಸಕ್ಕೆ 85,000 ಹೇಳುತ್ತಾರೆ. ಬೆಂಗಳೂರಿನಿಂದ ಹಳೇ ಎಂಜಿನ್ ತಂದರೆ ಎಂಜಿನ್‌ಗೆ 55,000, ಕೂಲಿ 15,000 ಅಂತೆ. ಇದ್ದ ಹಾಗೇ ಗುಜರಿಗೆ ಕೊಟ್ಟುಬಿಡಿ ಅನ್ನುವವರೂ ಇದ್ದಾರೆ. ಓಡುವ ಸ್ಥಿತಿಯಲ್ಲಿದ್ದಿದ್ದರೆ ಮೂರು ಲಕ್ಷ ಬರುತ್ತಿತ್ತು. ಏನು ಮಾಡಲಿ?

ಉತ್ತರ: ಮೊದಲು, ಇನ್ನೊಂದು ಸಲವೂ ಸೆಲ್ಫ್ ಹೊಡೆಯಬೇಡಿ. ತಳ್ಳಿಯೋ ಹಗ್ಗ ಕಟ್ಟಿ ಎಳೆದೋ ಸ್ಟಾರ್ಟ್ ಮಾಡಲು ಹೋಗಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಎಂಜಿನ್ ಯಾವ ಕಾರಣಕ್ಕೆ ಹೋಯಿತು ಎನ್ನುವುದು ಕಣ್ಣಿಗೆ ಕಾಣುವವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ನಿಮಗೆ ಬಂದಿರುವ ಎರಡೂ ರೇಟು ಎಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚದೆ ಹೇಳಿದವು. ಬೇರೆ ಎಂಜಿನ್ ಕೂರಿಸುವುದು ಎರಡು-ಮೂರು ದಿನದ ಕೆಲಸ, ಅದರಲ್ಲಿ ಅಂಥ ಕಷ್ಟವಿಲ್ಲ. ಆದರೆ ಈ ಎಂಜಿನ್ ಕೆಡಿಸಿದ ಕೊಳೆ, ಲೋಹದ ಪುಡಿ, ಸುಣ್ಣ ಎಂಜಿನ್ನಿನ ಒಳಗಷ್ಟೇ ಇಲ್ಲ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಪೈಪು, ಆಯಿಲ್ ಕೂಲರ್, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ರೇಡಿಯೇಟರ್ ಎಲ್ಲದರಲ್ಲೂ ಕೂತಿದೆ. ಅವನ್ನು ಹಾಗೇ ಬಿಟ್ಟು ಎಂಜಿನ್ ಮಾತ್ರ ಬದಲಿಸಿದರೆ ಬಂದ ಎಂಜಿನ್ನೂ ಅದೇ ದಾರಿ ಹಿಡಿಯುತ್ತದೆ.

ಏನಾಗಿರಬಹುದು ಎಂದು ನಿಮ್ಮ ವಿವರದಿಂದಲೇ ಬಹುಪಾಲು ಹೇಳಬಹುದು. ನಿಮ್ಮ ಗಾಡಿಯದು ಫಿಯೆಟ್ ಮೂಲದ 1,248 ಸಿ.ಸಿ. ಡೀಸೆಲ್ ಎಂಜಿನ್. ಒಳಗೆ ಹಿಡಿಯುವುದು ಸುಮಾರು 3 ಲೀಟರ್ ಆಯಿಲ್ ಮಾತ್ರ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಆಯಿಲ್‌ನಲ್ಲಿರುವ ರಾಸಾಯನಿಕಗಳು ತೇಲಿಸಿ ಹಿಡಿದಿಡುತ್ತವೆ. 10,000 ಕಿ.ಮೀ. ಲೆಕ್ಕಕ್ಕೆ ಮಾಡಿದ ಆಯಿಲ್ 34,000 ಓಡಿದರೆ ಆ ಶಕ್ತಿ ಎಂದೋ ಮುಗಿದಿರುತ್ತದೆ, ಮಸಿ ಡಾಂಬರಿನ ಹಾಗೆ ಕೆಳಗೆ ಕೂರುತ್ತದೆ. ಮೇಲಿಂದ ಸುರಿದ ಹೊಸ ಆಯಿಲ್ ಅಳತೆಯನ್ನು ಸರಿಮಾಡುತ್ತದೆ, ಒಳಗಿನ ಮಸಿಯನ್ನು ಹೊರಗೆ ಹಾಕುವುದಿಲ್ಲ. ಫಿಲ್ಟರ್ ಕಟ್ಟಿಕೊಂಡಾಗ ಅದರೊಳಗಿನ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಅಲ್ಲಿಂದಾಚೆ ಸೋಸದ ಆಯಿಲ್ಲೇ ಎಂಜಿನ್ ತುಂಬ ತಿರುಗುತ್ತದೆ. ಕೊನೆಗೆ ಪಂಪಿಗೆ ಆಯಿಲ್ ಎಳೆದುಕೊಡುವ ಸ್ಟ್ರೈನರ್ ಜಾಲರಿಯೂ ಮುಚ್ಚಿಹೋಗುತ್ತದೆ.

ಘಾಟ್ ಹತ್ತಿದ ಮೇಲೆ ಆಯಿಲ್ ಕಾದು ತೆಳುವಾಗಿತ್ತು. ಗಾಡಿ ನಿಂತಾಗ ಪಂಪ್ ನಿಧಾನವಾಗಿ ತಿರುಗುತ್ತದೆ. ಎರಡೂ ಸೇರಿ ಒತ್ತಡ ಬಿತ್ತು, ದೀಪ ಮಿಣುಕಿತು. ಬಹಳ ಜನ ಆ ಕೆಂಪು ದೀಪವನ್ನು ‘ಆಯಿಲ್ ಕಡಿಮೆ ಇದೆ’ ಎಂದು ಓದುತ್ತಾರೆ. ಅದು ಅಳತೆಯ ದೀಪವಲ್ಲ, ಒತ್ತಡದ ದೀಪ. ಅದು ಹತ್ತುವ ಹೊತ್ತಿಗೆ ಬೇರಿಂಗಿಗೆ ಬೇಕಾದ ಒತ್ತಡ ಆಗಲೇ ಹೋಗಿರುತ್ತದೆ. ಎಂಜಿನ್ ಆಫ್ ಮಾಡಿ ಅಲ್ಲೇ ನಿಲ್ಲುವುದೊಂದೇ ದಾರಿ. ನಂಗಲಿಯಲ್ಲಿ ಕೇಳಿದ ಕಟಕಟ ಬಹುಶಃ ಪಿಸ್ಟನ್ ಅನ್ನು ಎಂಜಿನ್ನಿನ ಸುತ್ತುವ ದಂಡಕ್ಕೆ, ಅಂದರೆ ಕ್ರ್ಯಾಂಕಿಗೆ, ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ (ಬಿಗ್ ಎಂಡ್) ಬೇರಿಂಗ್. ಅಲ್ಲೇ ನಿಲ್ಲಿಸಿ ಟೋ ಮಾಡಿಸಿದ್ದರೆ ಕ್ರ್ಯಾಂಕ್ ಉಳಿಯುವ ಸಾಧ್ಯತೆ ಇತ್ತು. ಈ ಮಾತು ಮುಂದೆ ಗಾಡಿ ಓಡಿಸುವ ನಿಮ್ಮ ಮನೆಯವರಿಗೆಲ್ಲ ಗೊತ್ತಿರಲಿ.

ಈಗ ಪರೀಕ್ಷೆ. ‘ಟಕ್’ ಎಂಬ ಒಂದು ಸದ್ದಿನಿಂದ ಎಂಜಿನ್ ಜಾಮ್ ಎಂದು ತೀರ್ಮಾನಿಸಲಾಗದು. ಬ್ಯಾಟರಿ ಇಳಿದಿದ್ದರೂ, ಸೆಲ್ಫ್ ಮೋಟಾರ್ ಕೆಟ್ಟಿದ್ದರೂ ಅದೇ ಸದ್ದು ಬರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಬೆಲ್ಟ್ ಬಿಚ್ಚಿ, ಡೈನಮೋ ಮತ್ತು ಎ.ಸಿ. ಕಂಪ್ರೆಸರಿನ ಪುಲ್ಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡಲಿ. ಇವುಗಳಲ್ಲಿ ಒಂದು ಹಿಡಿದುಕೊಂಡಿದ್ದರೂ ಎಂಜಿನ್ ಸೀಜ್ ಆದಂತೆಯೇ ಕಾಣುತ್ತದೆ. ಆಮೇಲೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರ್ ಕಾಯಿಸುವ ನಾಲ್ಕೂ ಗ್ಲೋ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಬೇಕು. ಗ್ಲೋ ಪ್ಲಗ್ ಹೆಡ್‌ನಲ್ಲೇ (ಸಿಲಿಂಡರ್‌ಗಳ ಮೇಲಿನ ಮುಚ್ಚಳದಲ್ಲೇ) ಮುರಿದರೆ ಅದು ಬೇರೆ ಖರ್ಚು, ಆದ್ದರಿಂದ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ಟು ಬಿಚ್ಚುವುದು ಒಳ್ಳೆಯದು. ತಿರುಗಿಸಿದಾಗ ಯಾವುದೋ ಒಂದು ತೂತಿನಿಂದ ನೀರು ಚಿಮ್ಮಿದರೆ ಹೆಡ್ ಗ್ಯಾಸ್ಕೆಟ್ ಹೋಗಿ ಸಿಲಿಂಡರಿಗೆ ನೀರು ಇಳಿದಿದೆ ಎಂದರ್ಥ. ಎಂಜಿನ್ ಕಚ್ಚಿಕೊಂಡಿದ್ದು ಆ ನೀರಿನಿಂದಲೇ ಇರಬಹುದು, ಹಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ.

ಮುಂದೆ ಆಯಿಲ್ ಇಳಿಸುವುದು. ಗಾಡಿ ಒಂದು ರಾತ್ರಿ ಅಲುಗದೆ ನಿಂತಿರಲಿ, ತೊಳೆದ ಬಿಳಿ ಟ್ರೇ ಇಡಲಿ. ಡ್ರೈನ್ ಬೋಲ್ಟ್ ಸಡಿಲಿಸಿದ ಕೂಡಲೇ ಮೊದಲು ಏನು ಬರುತ್ತದೆ ನೋಡಿ. ಆಯಿಲ್‌ಗೆ ನೀರು ಸೇರಿದ್ದರೆ ನೀರು ಭಾರವಾದ್ದರಿಂದ ಅದೇ ಮೊದಲು ಇಳಿಯುತ್ತದೆ. ಆಯಿಲನ್ನು ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ. ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಕಿತ್ತು ಬಂದಿದೆ. ಅಯಸ್ಕಾಂತಕ್ಕೆ ಅಂಟುವ ಚೂರಾದರೆ ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಚೈನ್, ಸ್ಪ್ರಾಕೆಟ್, ಕ್ರ್ಯಾಂಕ್ ಇಂಥ ಉಕ್ಕಿನ ಭಾಗ. ಅಂಟದ ಬೆಳ್ಳನೆಯ ಚೂರು ಅಲ್ಯೂಮಿನಿಯಂ, ಪಿಸ್ಟನ್ ಉಜ್ಜಿರಬಹುದು.

ಕೊನೆಗೆ ಚೇಂಬರ್ ಇಳಿಸಿ. ಸ್ಟ್ರೈನರ್ ಜಾಲರಿಯನ್ನು ಫೋಟೊ ತೆಗೆದಿಡಿ. ಒಂದೊಂದೇ ಕನೆಕ್ಟಿಂಗ್ ರಾಡನ್ನು ಕೈಯಲ್ಲಿ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿ. ಪಕ್ಕಕ್ಕೆ ಸ್ವಲ್ಪ ಸರಿದಾಡುವುದು ಸಹಜ, ಮೇಲೆ-ಕೆಳಗೆ ಮಾತ್ರ ಕಟ್ ಎನ್ನಲೇಬಾರದು. ಸಡಿಲವಿರುವ ರಾಡಿನ ಕ್ಯಾಪ್ ಬಿಚ್ಚಿ ಬೇರಿಂಗ್ ಚಿಪ್ಪನ್ನು ಕೈಗೆ ತೆಗೆದುಕೊಳ್ಳಿ. ಒಳ್ಳೆಯ ಚಿಪ್ಪು ಮಂಕು ಬೂದುಬಣ್ಣದಲ್ಲಿ ಒಂದೇ ಸಮ ಇರುತ್ತದೆ, ಉಗುರು ಎಳೆದರೆ ಎಲ್ಲೂ ತಡೆಯುವುದಿಲ್ಲ. ಆಯಿಲ್ ಸಿಗದೆ ಹೋದ ಚಿಪ್ಪು ನಡುವೆ ತಾಮ್ರ ತೋರಿಸಿಕೊಂಡು, ಅಂಚು ರೇಕಿನಂತೆ ಚಪ್ಪಟೆಯಾಗಿ, ಕೆಲವೊಮ್ಮೆ ಒಂದರ ಮೇಲೊಂದು ಹತ್ತಿಕೊಂಡು ಬರುತ್ತದೆ. ಅದು ಕೂತಿದ್ದ ಕ್ರ್ಯಾಂಕಿನ ಭಾಗ, ಅಂದರೆ ಜರ್ನಲ್, ನೀಲಿಗಟ್ಟಿದ್ದರೆ ಅಲ್ಲಿ ಉಕ್ಕು ವಿಪರೀತ ಕಾದಿದೆ.

ಇಷ್ಟು ನೋಡಲು ಒಂದು ದಿನದ ಕೂಲಿ ಸಾಕು. ಅದನ್ನು ಉಳಿಸಲು ಹೋಗಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಚಿಪ್ಪಿನಲ್ಲೇ ಇದೆ.

ಒಂದೆರಡು ಜರ್ನಲ್‌ನಲ್ಲಿ ಮಾತ್ರ ಗೀರು ಬಿದ್ದಿದೆ, ನೀಲಿಗಟ್ಟಿಲ್ಲ, ಬ್ಲಾಕ್‌ನಲ್ಲಿ ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗ್ ಸರಿಯಿದೆ ಎಂದಾದರೆ ನನ್ನ ಮತ ಎಂಜಿನ್ ಕೆಲಸಕ್ಕೇ. ಈ ಎಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು, ಕೆಲಸ ತಡೆಯುತ್ತದೆ. ಆದರೆ ಕ್ರ್ಯಾಂಕ್ ಗ್ರೈಂಡಿಂಗಿಗೆ ಕೊಡುವ ಮುಂಚೆಯೇ ಒಂದು ಕೆಲಸ ಇದೆ. ಉಜ್ಜಿ ಸಣ್ಣದಾದ ಕ್ರ್ಯಾಂಕಿಗೆ ಹೊಂದುವ ಯಾವ ಅಂಡರ್‌ಸೈಜ್ ಬೇರಿಂಗ್ ಅಂಗಡಿಯಲ್ಲಿ ನಿಜವಾಗಿ ಸಿಗುತ್ತದೆ ವಿಚಾರಿಸಿ, ಸಾಧ್ಯವಾದರೆ ತಂದು ಕೈಯಲ್ಲಿಟ್ಟುಕೊಂಡು, ಆ ಅಳತೆಗೆ ಗ್ರೈಂಡ್ ಮಾಡಿಸಿ. ಮೊದಲು ಗ್ರೈಂಡ್ ಮಾಡಿ ಆಮೇಲೆ ಬೇರಿಂಗ್ ಹುಡುಕುವ ಗ್ಯಾರೇಜುಗಳಲ್ಲಿ ಕ್ರ್ಯಾಂಕ್ ವ್ಯರ್ಥವಾಗುವುದು ಹೀಗೆಯೇ. ಜೋಡಿಸುವಾಗ ಪ್ಲಾಸ್ಟಿಗೇಜ್ ಎಳೆ (ಅದುಮಿದಾಗ ಚಪ್ಪಟೆಯಾಗಿ ಸಂದಿನ ಅಳತೆ ತೋರಿಸುವ ಮೆತ್ತನೆಯ ಎಳೆ) ಇಟ್ಟು ಬೇರಿಂಗಿನ ಸಂದು ಅಳೆಯಲು ಹೇಳಿ. ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕೈದು ಭಾಗದ ಲೆಕ್ಕ ಅದು, ಕೈಯಂದಾಜಿಗೆ ಸಿಗುವುದಿಲ್ಲ. ಹಬೆ ಬಂದಿರುವುದರಿಂದ ಹೆಡ್ ಅನ್ನು ಪ್ರೆಷರ್ ಟೆಸ್ಟ್ ಮಾಡಿಸಿ ಬಿರುಕು ನೋಡಿಸಲೇಬೇಕು, ನೇರಪಟ್ಟಿ ಇಟ್ಟು ಸೊಟ್ಟ ಅಳೆಯಲೇಬೇಕು. ಡೀಸೆಲ್ ಹೆಡ್ ಅನ್ನು ಬೇಕಾದಷ್ಟು ಉಜ್ಜಿಸುವಂತಿಲ್ಲ, ವಾಲ್ವ್ ಮತ್ತು ಪಿಸ್ಟನ್ ನಡುವಿನ ಜಾಗ ಕಡಿಮೆಯಾಗುತ್ತದೆ. ಹೆಡ್ ಬೋಲ್ಟ್ ಹೊಸವೇ ಇರಲಿ. 85,000ದಲ್ಲಿ ಇವೆಲ್ಲ ಸೇರಿವೆಯೇ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಲೇತ್ ಕೆಲಸ ಎಷ್ಟು, ರಿಂಗ್-ಪಿಸ್ಟನ್ ಯಾವ ಕಂಪನಿಯದು, ಚೈನ್ ಕಿಟ್ ಇದೆಯೇ, ಟರ್ಬೊ ಇದೆಯೇ. ಟರ್ಬೊ ಸಾಮಾನ್ಯವಾಗಿ ಸೇರಿರುವುದಿಲ್ಲ.

ಕ್ರ್ಯಾಂಕ್ ನೀಲಿಗಟ್ಟಿದ್ದರೆ, ಮೇನ್ ಬೇರಿಂಗ್ ತನ್ನ ಗೂಡಿನಲ್ಲೇ ತಿರುಗಿ ಬ್ಲಾಕ್ ಕೆಡಿಸಿದ್ದರೆ, ರಾಡ್ ಬ್ಲಾಕ್ ಒಡೆದು ಹೊರಬಂದಿದ್ದರೆ, ಆಗ ಬೇರೆ ಎಂಜಿನ್ನೇ ಸರಿ. ನಂಗಲಿಯಿಂದಾಚೆ ನೀವು ಓಡಿಸಿದ ದೂರ ನೋಡಿದರೆ ಇದೇ ಆಗಿರುವ ಸಾಧ್ಯತೆ ಹೆಚ್ಚು. ನಿಮ್ಮ ಹೆಡ್ ಚೆನ್ನಾಗಿದ್ದರೆ ಹಾಫ್ ಎಂಜಿನ್, ಅಂದರೆ ಕ್ರ್ಯಾಂಕ್ ಮತ್ತು ಪಿಸ್ಟನ್ ಸಮೇತದ ಬ್ಲಾಕ್ ಮಾತ್ರ, ಹುಡುಕುವುದೂ ಒಂದು ದಾರಿ.

ಹಳೇ ಎಂಜಿನ್ ಕೊಳ್ಳುವಾಗ ಒಂದು ಗೊಂದಲವಾಗುತ್ತದೆ. ಇದೇ 1,248 ಸಿ.ಸಿ. ಎಂಜಿನ್ ಸ್ವಿಫ್ಟ್, ರಿಟ್ಜ್, ಎರ್ಟಿಗಾ, ಸಿಯಾಜ್‌ಗಳಲ್ಲೂ, ಟಾಟಾ ಇಂಡಿಕಾ ವಿಸ್ಟಾ, ಫಿಯೆಟ್ ಪುಂಟೊಗಳಲ್ಲೂ ಬಂದಿದೆ. ಹಾಗೆಂದು ಎಲ್ಲವೂ ನೇರವಾಗಿ ಕೂರುವುದಿಲ್ಲ. ಎರ್ಟಿಗಾದ 90 ಪಿ.ಎಸ್. ಎಂಜಿನ್ನಿನ ಟರ್ಬೊ ಬೇರೆ ತರಹದ್ದು, ನಿಮ್ಮದು 75 ಪಿ.ಎಸ್.ನದು. ಟಾಟಾ, ಫಿಯೆಟ್ ಗಾಡಿಗಳದ್ದಾದರೆ ವೈರಿಂಗ್, ಸೆನ್ಸರ್, ಮೌಂಟಿಂಗ್ ಬೇರೆ. ಸ್ವಿಫ್ಟ್ ಅಥವಾ ಡಿಜೈರ್‌ನದೇ, ನಿಮ್ಮ ಗಾಡಿಯ ಆಸುಪಾಸಿನ ವರ್ಷದ್ದೇ ಕೇಳಿ.

ಗಾಡಿಯಲ್ಲೇ ಇರುವ, ಸ್ಟಾರ್ಟ್ ಮಾಡಿ ತೋರಿಸುವ ಎಂಜಿನ್ ಸಿಕ್ಕರೆ ಐದು ಸಾವಿರ ಹೆಚ್ಚಾದರೂ ಅದನ್ನೇ ತಗೊಳ್ಳಿ. ನೆಲದ ಮೇಲೆ ಕೂರಿಸಿಟ್ಟ ಎಂಜಿನ್ ಆದರೆ ಆಯಿಲ್ ಸುರಿಯುವ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಜೇನುಬಣ್ಣದ ತೆಳು ಲೇಪವಿದ್ದರೆ ಸರಿ, ಕಪ್ಪು ಮೇಣದಂಥ ಪದರವಿದ್ದರೆ ಅದೂ ನಿಮ್ಮದರಂತೆಯೇ ಬದುಕಿದ ಎಂಜಿನ್. ಕ್ರ್ಯಾಂಕ್ ಎರಡು ಸುತ್ತು ಕೈಯಲ್ಲಿ ತಿರುಗಬೇಕು. ಕಂಪ್ರೆಷನ್ ಅಳೆದರೆ ನಾಲ್ಕು ಸಿಲಿಂಡರ್‌ಗಳ ನಡುವೆ ಶೇ 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸೆನ್ಸರ್ ಸಾಕೆಟ್‌ನೊಳಗೆ, ಡೈನಮೋ ಸಂದಿನಲ್ಲಿ ಒಣಗಿದ ನಯವಾದ ಮಣ್ಣು ಕಂಡರೆ ಮಳೆನೀರಲ್ಲಿ ಮುಳುಗಿದ ಗಾಡಿಯದು, ಬಿಟ್ಟುಬಿಡಿ. ಮುಂದಿನಿಂದ ಗುದ್ದಿದ ಗಾಡಿಯದಾದರೆ ಕ್ರ್ಯಾಂಕ್ ಪುಲ್ಲಿ ಓಲಾಡುತ್ತದೆಯೇ, ಮೌಂಟಿಂಗ್ ಕಿವಿಗಳಲ್ಲಿ ಬಿರುಕಿದೆಯೇ ನೋಡಿ. ಎಂಜಿನ್ ನಂಬರ್ ಸ್ಪಷ್ಟವಾಗಿ ಓದಲು ಬರಬೇಕು. ಉಜ್ಜಿದ, ಮತ್ತೆ ಹೊಡೆದ ಗುರುತು ಕಂಡರೆ ಎಷ್ಟೇ ಕಡಿಮೆ ಬೆಲೆಯಾದರೂ ಮುಟ್ಟಬೇಡಿ. ಎಂಜಿನ್ ನಂಬರ್ ಬರೆದ ಜಿ.ಎಸ್.ಟಿ. ಬಿಲ್, ಅದು ಬಂದ ಗಾಡಿಯ ಆರ್.ಸಿ. ಪ್ರತಿ ಎರಡೂ ಬೇಕು. ಸ್ವಲ್ಪ ಹಣವನ್ನು, ಎಂಜಿನ್ ನಿಮ್ಮ ಗಾಡಿಯಲ್ಲಿ ಓಡಿದ ಮೇಲೆ ಕೊಡುವುದಾಗಿ ಬರವಣಿಗೆಯಲ್ಲೇ ಮಾತಾಡಿಕೊಳ್ಳಿ.

55,000 ಮತ್ತು 15,000 ಸೇರಿ 70,000 ಎಂದು ಲೆಕ್ಕ ಮುಗಿಸಬೇಡಿ. ಎಂಜಿನ್ ಹೊರಗಿರುವಾಗಲೇ ಹಾಕಬೇಕಾದ ಸಾಮಾನಿಗೆ ಇನ್ನೂ ಇಪ್ಪತ್ತೈದು-ಮೂವತ್ತು ಸಾವಿರ ಕೈಯಲ್ಲಿರಲಿ, ಟರ್ಬೊ ಹೋಗಿದ್ದರೆ ಅದು ಬೇರೆ. ಚೈನ್, ಟೆನ್ಷನರ್, ಗೈಡ್, ಸ್ಪ್ರಾಕೆಟ್ ಇರುವ ಪೂರ್ತಿ ಕಿಟ್ ಹಾಕಿಸಿ. ಈ ಎಂಜಿನ್ನಿನಲ್ಲಿ ಚೈನ್ ಬಿಗಿ ಇರುವುದೇ ಆಯಿಲ್ ಒತ್ತಡದಿಂದ. ಆಯಿಲ್ ಕೆಟ್ಟರೆ ಚೈನ್ ಸಡಿಲವಾಗಿ ಹಲ್ಲು ಜಿಗಿದು ವಾಲ್ವ್ ಒತ್ತುವ ರಾಕರ್ ಆರ್ಮ್‌ಗಳು ಮುರಿಯುತ್ತವೆ. ಹಳೇ ಎಂಜಿನ್ನಿನ ಹಿಂದಿನ ಮಾಲೀಕರು ಆಯಿಲ್ ಬದಲಿಸಿದ್ದರೋ ಇಲ್ಲವೋ ನಿಮಗೆ ತಿಳಿಯುವ ದಾರಿಯಿಲ್ಲ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್‌ಗಳು, ಮುಂದಿನ ಬೆಲ್ಟ್ ಹೊಸವು. ಕ್ಲಚ್ ಪ್ಲೇಟ್ ಅರ್ಧ ಸವೆದಿದ್ದರೂ ಬದಲಿಸಿ, ಇಲ್ಲದಿದ್ದರೆ ಅದಕ್ಕಾಗಿಯೇ ಗೇರ್ ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ.

ಟರ್ಬೊ ವಿಷಯದಲ್ಲಿ ಕೈ ಬಿಗಿಹಿಡಿಯಬೇಡಿ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ದಾಟಿ ಸುತ್ತುತ್ತದೆ, ತೆಳ್ಳನೆಯ ಒಂದು ಪೈಪಿನಲ್ಲಿ ಬರುವ ಆಯಿಲ್ ಮೇಲೆ ತೇಲುತ್ತದೆ. ಆ ಪೈಪು ಒಳಗೆ ಇದ್ದಿಲಾಗಿರುತ್ತದೆ. ತೊಳೆದು ಹಾಕುತ್ತೇವೆ ಎಂದರೆ ಒಪ್ಪಬೇಡಿ, ಹೊಸದೇ ಬೇಕು. ಶಾಫ್ಟ್ ಹಿಡಿದು ನೋಡಿ: ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಸರಿ, ಹಿಂದೆ-ಮುಂದೆ ಸರಿದರೆ ಟರ್ಬೊ ಮುಗಿದಿದೆ. ಇಂಟರ್‌ಕೂಲರ್ ಮತ್ತು ಅದರ ಪೈಪುಗಳಲ್ಲಿ ನಿಂತ ಆಯಿಲ್ ಪೂರ್ತಿ ತೊಳೆದು ಒಣಗಿಸಬೇಕು. ಡೀಸೆಲ್ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಿಕೊಂಡು ಓಡಬಲ್ಲದು, ಆಗ ಕೀ ತಿರುಗಿಸಿದರೂ ಆಫ್ ಆಗುವುದಿಲ್ಲ. ಫಿಲ್ಟರ್ ಪಕ್ಕದ ಆಯಿಲ್ ಕೂಲರಿನ ಸಣ್ಣ ಸಂದುಗಳಲ್ಲಿ ಸಿಕ್ಕ ಲೋಹದ ಪುಡಿ ಎಷ್ಟು ತೊಳೆದರೂ ಬರುವುದಿಲ್ಲ, ನಿಮ್ಮ ಹಳೆಯದನ್ನು ಹೊಸ ಎಂಜಿನ್ನಿಗೆ ಹಾಕಿಸಬೇಡಿ.

ಎಂಜಿನ್ ಇಳಿಸುವಾಗ ಎ.ಸಿ. ಪೈಪು ಬಿಚ್ಚುವ ಅಗತ್ಯವಿಲ್ಲ. ಕಂಪ್ರೆಸರಿನ ಬೋಲ್ಟ್ ತೆಗೆದು ಪಕ್ಕಕ್ಕೆ ಕಟ್ಟಿದರೆ ಗ್ಯಾಸ್ ಉಳಿಯುತ್ತದೆ. ಇಂಜೆಕ್ಟರ್‌ಗಳ ಮೇಲೆ ಕೋಡ್ ಇದ್ದರೆ ಎಂಜಿನ್ ಕೂರಿಸುವ ಮುಂಚೆ ಫೋಟೊ ತೆಗೆದಿಡಿ, ಸ್ಕ್ಯಾನರ್‌ನಲ್ಲಿ ತುಂಬಬೇಕಾಗಬಹುದು.

ಈಗ ನೀರು. ನಮ್ಮ ಕಡೆಯ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ, ಆ ನೀರಿನ ಗಡಸುತನ ನಿಮಗೆ ಹೊಸದಲ್ಲ. ನೀರು ಕಾಯಿಸುವ ಹಂಡೆಯ ಒಳಗೆ ಕೆರೆದರೆ ಏಳುವ ಬಿಳಿ ಹಕ್ಕಳೆ ಇದೆಯಲ್ಲ, ಅದೇ ಎಂಜಿನ್ ಒಳಗೆ ಅತಿ ಬಿಸಿಯ ಜಾಗಗಳಲ್ಲಿ, ಅಂದರೆ ಎಕ್ಸಾಸ್ಟ್ ವಾಲ್ವ್ ಸುತ್ತ ಮತ್ತು ಸಿಲಿಂಡರಿನ ಮೇಲ್ಭಾಗದಲ್ಲಿ ಕೂರುತ್ತದೆ. ಒಂದು ಮಿಲಿಮೀಟರ್ ಸುಣ್ಣದ ಪದರ ಎರಡು-ಮೂರು ಸೆಂಟಿಮೀಟರ್ ದಪ್ಪದ ಬೀಡು ಕಬ್ಬಿಣದಷ್ಟು ಶಾಖ ತಡೆಯುತ್ತದೆ. ಕೂಲೆಂಟ್ ಇಲ್ಲದ ಬರೀ ನೀರಾದ್ದರಿಂದ ತುಕ್ಕೂ ಸೇರಿರುತ್ತದೆ. ರೇಡಿಯೇಟರನ್ನು ಹೊರಗೆ ತೆಗೆದು ನೀರು ಬಿಟ್ಟು ನೋಡಿ. ಓಡಿಸಿದ ಮೇಲೆ ಮುಟ್ಟಿದಾಗ ನಡುನಡುವೆ ತಣ್ಣಗಿನ ಪಟ್ಟೆ ಸಿಗುವ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಆಸಿಡ್ ಹಾಕಿ ತೊಳೆಸುವುದಕ್ಕಿಂತ ಹೊಸದು ಹಾಕುವುದೇ ಮೇಲು. ಮುಂದೆ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ, ಅಥವಾ ಬೆರೆಸಿಯೇ ಬರುವ ಕೂಲೆಂಟ್. ದಾರಿಯಲ್ಲಿ ಅನಿವಾರ್ಯವಾದರೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ನಡೆಯುತ್ತದೆ, ಬೋರ್ ನೀರು ಬೇಡ.

ಮೊದಲ ಸ್ಟಾರ್ಟ್ ಅವಸರದ್ದಾಗಬಾರದು. ಆಯಿಲ್ ತುಂಬಿ, ಟರ್ಬೊದ ಆಯಿಲ್ ತೂತಿಗೂ ಸ್ವಲ್ಪ ಬಿಟ್ಟು, ಇಂಜೆಕ್ಟರ್ ಸಾಕೆಟ್‌ಗಳನ್ನು ಕಿತ್ತಿಟ್ಟು, ಹತ್ತು-ಹದಿನೈದು ಸೆಕೆಂಡಿನಂತೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆಯಬೇಕು. ಆಯಿಲ್ ದೀಪ ಆರಿದ ಮೇಲೆಯೇ ಸಾಕೆಟ್ ಹಾಕಿ ಸ್ಟಾರ್ಟ್. ಸ್ಟಾರ್ಟ್ ಆದ ಮೂರ್ನಾಲ್ಕು ಸೆಕೆಂಡಿನಲ್ಲಿ ದೀಪ ಆರದಿದ್ದರೆ ತಕ್ಷಣ ಆಫ್. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಕೂಲೆಂಟಿನ ಗಾಳಿ ತೆಗೆಯಿರಿ. ಎಂಜಿನ್ ಕಾದ ಮೇಲೆ ದೀಪದ ಸ್ವಿಚ್ಚಿನ ಜಾಗದಲ್ಲಿ ಗೇಜ್ ಹಾಕಿ ಆಯಿಲ್ ಒತ್ತಡ ಅಳೆಸಿ. ಬಿಸಿ ಎಂಜಿನ್ನಿನ ಐಡ್ಲಿಂಗ್‌ನಲ್ಲಿ 1 ಬಾರ್‌ಗಿಂತ ಕೆಳಗಿದ್ದರೆ ಬಾಕಿ ಹಣ ಕೊಡಬೇಡಿ. 1,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಇಳಿಸಿದ ಆಯಿಲನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಆಮೇಲೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಗುಜರಿಯ ಮಾತು. ಬಾಡಿ ತುಕ್ಕು ಹಿಡಿದು ಸಸ್ಪೆನ್ಷನ್ನೂ ಕೆಲಸ ಕೇಳುತ್ತಿದ್ದರೆ ಅದೇ ಸರಿ. 2028ಕ್ಕೆ ನೋಂದಣಿಯ 15 ವರ್ಷ ಮುಗಿಯುತ್ತದೆ. ಅದಾದ ಮೇಲೆ ಗಾಡಿ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೊಡುವುದಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದು ಆರ್.ಸಿ. ರದ್ದು ಮಾಡಿಸಿ. ನಿಮ್ಮ ಹೆಸರಿನ ಆರ್.ಸಿ. ಬೇರೆಯವರ ಕೈಯಲ್ಲಿ ಉಳಿಯಬಾರದು. ಬಾಡಿ ಗಟ್ಟಿಯಿದ್ದರೆ ಮೂರು ಲಕ್ಷದ ಗಾಡಿಗೆ ಒಂದು ಲಕ್ಷದವರೆಗೆ ಹಾಕುವುದು, ನೀವೇ ಇನ್ನು ನಾಲ್ಕೈದು ವರ್ಷ ಓಡಿಸುವುದಾದರೆ ಮಾತ್ರ, ನಷ್ಟವಲ್ಲ. ಮಾರುವ ಉದ್ದೇಶಕ್ಕೆ ಹಾಕಬೇಡಿ. ಇನ್ಶೂರೆನ್ಸ್ ಕ್ಲೇಮಿನ ಆಸೆ ಬೇಡ, ಸವೆತ ಮತ್ತು ಯಾಂತ್ರಿಕ ವೈಫಲ್ಯಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಬರುವುದಿಲ್ಲ.

ಬೇರೆ ಎಂಜಿನ್ ಕೂರಿಸಿದರೆ ಎಂಜಿನ್ ನಂಬರ್ ಬದಲಾಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಅದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್.ಸಿ.ಯಲ್ಲಿ ದಾಖಲಿಸಬೇಕು. ಕೆಲಸ ಶುರುವಾಗುವ ಮುಂಚೆಯೇ ಕೋಲಾರದ ಆರ್‌ಟಿಒ ಕಚೇರಿಗೆ ಹೋಗಿ ಯಾವ ಕಾಗದ ಬೇಕೆಂದು ಕೇಳಿಕೊಂಡು ಬನ್ನಿ. ಎಂಜಿನ್ ಕೊಂಡ ಮೇಲೆ ಮಾರಿದವರ ಹತ್ತಿರ ಕಾಗದ ಕೇಳುವುದು ಕಷ್ಟವಾಗುತ್ತದೆ. ಗಾಡಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು. ಹೊಸ ನಂಬರ್ ಆರ್.ಸಿ.ಗೆ ಬಂದ ಕೂಡಲೇ ಇನ್ಶೂರೆನ್ಸ್ ಪಾಲಿಸಿಯಲ್ಲೂ ಬದಲಿಸಿ.